ಹತ್ತುಮೀನು ನಾಳೆಯೂ ಹತ್ತುತ್ತೆ, ಹೋದ ಜೀವ ಬರುತ್ತಾ?

ಮೃಗಶಿರ ಮಳೆ ಹಿಡಿಯಿತೆಂದರೆ ನಮ್ಮ ಶಿವಮೊಗ್ಗ ಪೇಟೆಯಲ್ಲಿ ಎರಡು ವ್ಯಾಪಾರ ಜೋರಾಗುತ್ತದೆ. ಒಂದು ಕೊಡೆ, ಇನ್ನೊಂದು ಟಾರ್ಚು. ಕೊಡೆ ಯಾಕೆ ಅಂತ ಎಲ್ಲರಿಗೂ ಗೊತ್ತು. ಟಾರ್ಚು ಯಾಕೆ ಅಂತ ಬಯಲುಸೀಮೆಯಿಂದ ವರ್ಗವಾಗಿ ಬಂದ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ. ಗಾಂಧಿ ಬಜಾರಿನ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಕೊನೇ ಬಸ್ಸು ಹಿಡಿಯುವ ಹುಡುಗರು ಸಂಜೆ ಓಡಿ ಬಂದು ತಲೆಗೆ ಕಟ್ಟೋ ಲೈಟು, ಸೆಲ್ಲು, ನೈಲಾನ್ ಬಲೆ ಕೇಳಿದರೆ ಅರ್ಥ ಒಂದೇ: ಹತ್ತುಮೀನು ಶುರುವಾಗಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮುಂಗಾರಿನ ಹೊಸ ನೀರು ಬಂದ ಕೂಡಲೇ ಹೊಳೆಯ ಮೀನು ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ಎದುರು ನೀರಿಗೆ ಹೊರಡುತ್ತದೆ. ಹೊಳೆಯಿಂದ ಹಳ್ಳ, ಹಳ್ಳದಿಂದ ತೋಡು, ತೋಡಿನಿಂದ ಗದ್ದೆ. ಹೀಗೆ ಹತ್ತುವ ಮೀನೇ ಹತ್ತುಮೀನು. ಕರಾವಳಿಯವರು ಇದನ್ನೇ ಉಬರ್ ಮೀನು ಅನ್ನುತ್ತಾರೆ. ರಾತ್ರಿ ಹೊತ್ತು ದೀಪ ಹಿಡಿದು, ಕತ್ತಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಮುಗುಡು, ಕುಚ್ಚು, ಏಡಿ ಹಿಡಿಯುವುದು ನಮ್ಮ ಮಲೆನಾಡಿನ ಹಳೇ ಶಿಕಾರಿ. ಕೋವಿ ಶಿಕಾರಿಯ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಮಳೆಗಾಲದ ಕತ್ತಲಲ್ಲಿ ಹಂದಿ ಅಂತ ಮನುಷ್ಯನಿಗೇ ಗುಂಡು ಹೊಡೆದ ಕಥೆಗಳೂ ಈ ಕಡೆ ಕಡಿಮೆಯಿಲ್ಲ. ನಾವು ಹೇಳುತ್ತಿರುವುದು ಮೀನಿನ ಮಾತು.

ಈ ಮೀನಿನ ಸುದ್ದಿ ಪ್ರತಿ ಮಳೆಗಾಲವೂ ಒಂದಲ್ಲ ಒಂದು ಪತ್ರಿಕೆಯ ಮೂಲೆಯಲ್ಲಿ ಬಂದೇ ಬರುತ್ತದೆ. ‘ಮೀನು ಹಿಡಿಯಲು ಹೋದವರು ಕಾಲು ಜಾರಿ ನೀರುಪಾಲು.’ ಊರು ಬದಲಾಗುತ್ತದೆ, ತಾಲ್ಲೂಕು ಬದಲಾಗುತ್ತದೆ, ಆದರೆ ‘ಕಾಲು ಜಾರಿ’ ಅನ್ನೋ ಮಾತು ಬದಲಾಗೋಲ್ಲ. ಕಾಲು ಜಾರಿತು ಅಂದುಬಿಟ್ಟರೆ ಯಾರದೂ ತಪ್ಪಿಲ್ಲ ಅಂದ ಹಾಗಾಯಿತು. ಹಣೆಬರಹ ಅಂತ ಕೈ ತೊಳೆದುಕೊಂಡ ಹಾಗಾಯಿತು. ನಮ್ಮ ಮಾತು ಇಷ್ಟೇ: ಇದು ಹಣೆಬರಹವಲ್ಲ ಸ್ವಾಮಿ. ಅಭ್ಯಾಸ ಅಜ್ಜನ ಕಾಲದ್ದು, ನೆಲ ಮಾತ್ರ ಅಜ್ಜನ ಕಾಲದ್ದಲ್ಲ.

ನೆಲ ಬದಲಾಗಿದೆ

‘ನಮ್ಮಜ್ಜ ಹೋಗ್ತಿದ್ದ, ನಮ್ಮಪ್ಪ ಹೋಗ್ತಿದ್ದ, ನಮಗೇನಾಗುತ್ತೆ?’ ಅಂತ ಹುಡುಗರು ಕೇಳುತ್ತಾರೆ. ನಿಜ, ಅಜ್ಜ ಹೋಗುತ್ತಿದ್ದ. ಆದರೆ ಅಜ್ಜನಿಗೆ ಆ ಹಳ್ಳದ ಒಂದೊಂದು ಕಲ್ಲೂ ಗೊತ್ತಿತ್ತು. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹೋಗಿ ಅದೇ ಹಳ್ಳದಲ್ಲಿ ಮೈ ತೊಳೆಸಿದವನು. ಎಲ್ಲಿ ಗುಂಡಿ, ಎಲ್ಲಿ ಬಂಡೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನ ಮೊಮ್ಮಗ ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿದ್ದಾನೆ. ಶನಿವಾರ ರಾತ್ರಿ ಬಸ್ಸಿಳಿದು, ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ನೇರ ನೀರಿಗಿಳಿಯುತ್ತಾನೆ.

ಆ ನೀರಿನ ಕೆಳಗೆ ಈಗ ಏನೇನಿದೆ ನೋಡಿ. ಜಂಬಿಟ್ಟಿಗೆ ಕಲ್ಲು ತೆಗೆದ ಹೊಂಡಗಳಿವೆ. ಮಳೆ ತುಂಬಿದರೆ ಹೊಂಡಕ್ಕೂ ಗದ್ದೆಗೂ ರಾತ್ರಿ ವ್ಯತ್ಯಾಸ ಕಾಣೋಲ್ಲ; ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಎರಡಾಳುದ್ದ. ಯಂತ್ರದಲ್ಲಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳಿವೆ. ಈಜು ಬರುವವನೂ ಅದರಿಂದ ಮೇಲೆ ಬರಲಾರ. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲೋಲ್ಲ, ಕೈಗೆ ಹಿಡಿಯಲು ಒಂದು ಬೇರೂ ಸಿಗೋಲ್ಲ.

ರಸ್ತೆ ಅಡಿಯ ಮೋರಿಗಳದ್ದು ಇನ್ನೊಂದು ಕಥೆ. ಮೀನು ಮೋರಿಯ ಬಾಯಲ್ಲಿ ಗುಂಪುಗಟ್ಟುವುದು ನಿಜ, ಅದಕ್ಕೇ ಜನ ಅಲ್ಲಿ ನಿಲ್ಲುತ್ತಾರೆ. ಕೆಳಗಿನ ಬಾಯಲ್ಲಿ ನಿಂತರೆ ನೀರು ಹೊರಕ್ಕೆ ದೂಡುತ್ತದೆ. ಮೇಲಿನ ಬಾಯಲ್ಲಿ ನಿಂತರೆ ಒಳಕ್ಕೆ ಎಳೆಯುತ್ತದೆ. ಪೈಪಿನ ನಡುವೆ ಮರದ ಕೊಂಬೆ ಸಿಕ್ಕಿಕೊಂಡಿದ್ದರೆ ಒಳಗೆ ಹೋದವನು ಆಚೆ ಕಡೆ ಬರುವುದಿಲ್ಲ. ಕೆರೆಯ ತೂಬಿನದೂ ಇದೇ ಕಥೆ.

ಎಲ್ಲಕ್ಕಿಂತ ಕೆಟ್ಟದ್ದು ಬೇಲಿ. ಕಾಡುಹಂದಿ ಕಾಟಕ್ಕೆ ಕೆಲವರು ತಂತಿ ಬೇಲಿಗೆ ನೇರ ಲೈನಿನ ಕರೆಂಟು ಬಿಡುತ್ತಾರೆ. ಸೋಲಾರ್ ಬೇಲಿ ಬೇರೆ, ಅದು ತಡೆದು ತಡೆದು ಹೊಡೆಯುತ್ತದೆ, ಬೆದರಿಸಿ ಬಿಡುತ್ತದೆ. ನೇರ ಲೈನು ಬಿಡೋಲ್ಲ, ಹಿಡಿದುಕೊಳ್ಳುತ್ತದೆ. ನೀರು ನಿಂತ ಗದ್ದೆಯಲ್ಲಿ ಬರಿಗಾಲಿನಲ್ಲಿ ಹೋಗುವವನಿಗೆ ಆ ತಂತಿ ಯಮಪಾಶ. ಇನ್ನು ಕೆಲವು ಮಹಾಶಯರು ಮೀನಿಗೇ ಕರೆಂಟು ಕೊಡುತ್ತಾರೆ! ಕಂಬಕ್ಕೆ ಕೊಕ್ಕೆ ಹಾಕಿ ಹಳ್ಳಕ್ಕೆ ವಯರು ಬಿಡುವ ಈ ಕೆಲಸ ವಿದ್ಯುತ್ ಕಳವೂ ಹೌದು, ಆಚೆ ದಡದಲ್ಲಿ ಏನೂ ಅರಿಯದೆ ನಿಂತವನನ್ನು ಕೊಲ್ಲುವ ಕೆಲಸವೂ ಹೌದು.

ನೀರಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಲೆಕ್ಕ ಹಾಕೋಣ. ಹವಾಮಾನ ಇಲಾಖೆಯವರು ‘ರೆಡ್ ಅಲರ್ಟ್’ ಅನ್ನುವುದು 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರಿ ಮಳೆ ಬೀಳುವ ಸೂಚನೆ ಇದ್ದಾಗ. ಸುಮ್ಮನೆ 200 ಅಂತಲೇ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಗುಡ್ಡದ ಮೇಲೆ ಅಷ್ಟು ಮಳೆ ಬಿದ್ದರೆ 20 ಕೋಟಿ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 20,000 ಟ್ಯಾಂಕರು! ಅದರಲ್ಲಿ ಅರ್ಧ ನೆಲ ಕುಡಿದರೂ ಉಳಿದ ಅರ್ಧ ಇಳಿದು ಬರುವುದು ಅದೇ ಪುಟ್ಟ ಹಳ್ಳದಲ್ಲಿ.

ಇನ್ನೊಂದು ಮಾತು. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಅಂದರೆ ಇಲ್ಲಿ ತುಂತುರು ಇದ್ದಾಗ ಅಲ್ಲಿ ಗುಡ್ಡವೇ ಕರಗುತ್ತಿರಬಹುದು. ‘ಮಳೆ ನಿಂತಿದೆ, ಹೋಗೋಣ ಬಾ’ ಅನ್ನುವವನು ತನ್ನ ತಲೆ ಮೇಲಿನ ಆಕಾಶ ನೋಡಿ ಹೇಳುತ್ತಾನೆ. ಹಳ್ಳಕ್ಕೆ ಬೇಕಾಗಿರುವುದು ಮೇಲಿನ ಗುಡ್ಡದ ಆಕಾಶ. ಶಿವಮೊಗ್ಗದವರು ತುಂಗೆ ಏರಿದ್ದನ್ನು ಕೋರ್ಪಲಯ್ಯನ ಮಂಟಪ ನೋಡಿ ಅಳೆಯುತ್ತಾರೆ. ಮಂಟಪ ಮುಳುಗಿತು ಅಂದರೆ ಜನ ಸೇತುವೆ ಮೇಲೆ ನಿಂತು ನೋಡುತ್ತಾರೆ. ಆದರೆ ಆ ಮಂಟಪ ಮುಳುಗುವ ಎಷ್ಟೋ ಹೊತ್ತಿನ ಮೊದಲೇ ಮೇಲಿನ ಹಳ್ಳಿಗಳ ಹಳ್ಳಗಳು ಏರಿ, ಯಾರದೋ ಗದ್ದೆ ದಾಟಿರುತ್ತವೆ. ಅಲ್ಲಿ ನೋಡಲು ಮಂಟಪವೂ ಇಲ್ಲ, ದೀಪವೂ ಇಲ್ಲ.

ಹರಿಯೋ ನೀರಿನ ಗುಣ ಒಂದಿದೆ. ಅದರ ವೇಗ ಎರಡು ಪಟ್ಟಾದರೆ ದೂಡುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ರಭಸ ಇದ್ದರೆ ಅರ್ಧ ಅಡಿ ನೀರೇ ಆಳನ್ನು ಬೀಳಿಸಬಹುದು. ಎರಡಡಿ ನೀರು ಕಾರನ್ನೇ ಎತ್ತಿಕೊಂಡು ಹೋಗುತ್ತದೆ. ‘ಮೊಣಕಾಲುದ್ದ ಅಷ್ಟೇ ಕಣೋ’ ಅನ್ನುವ ಮಾತಿಗೆ ಗದ್ದೆಯಲ್ಲಿ ಒಂದರ್ಥ, ಹಳ್ಳದಲ್ಲಿ ಇನ್ನೊಂದರ್ಥ.

ಹೋಗುವವರು ಕೇಳಿ

ಮೀನು ಶಿಕಾರಿ ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ಎಷ್ಟೋ ಮನೆಗಳಲ್ಲಿ ಕೂಲಿ ಇಲ್ಲದ ಮಳೆಗಾಲದಲ್ಲಿ ಆ ಮೀನೇ ಸಾರು. ಆದರೆ ಹೋಗುವುದಕ್ಕೊಂದು ರೀತಿ ಇದೆ.

ಮೊದಲನೇದು, ಹಗಲಿನಲ್ಲಿ ನೋಡದ ಜಾಗಕ್ಕೆ ರಾತ್ರಿ ಇಳಿಯಬೇಡಿ. ಬಸ್ಸಿಳಿದ ದಿನವೇ ಹೋಗಬೇಕೆಂದು ಶಾಸ್ತ್ರವೇನಿಲ್ಲ. ಆ ಊರಿನಲ್ಲೇ ಇರುವ, ಆ ಗದ್ದೆಯಲ್ಲೇ ಉಳುವ ಒಬ್ಬರು ಜೊತೆಗಿರಲಿ. ಅವರು ‘ಬೇಡ’ ಅಂದರೆ ಬೇಡ.

ಎರಡನೇದು, ಗದ್ದೆಯಲ್ಲಿ ಹಿಡಿಯಿರಿ, ಹಳ್ಳ ದಾಟಬೇಡಿ. ಆಚೆ ಗದ್ದೆಯ ಮೀನಿಗೆ ಆಚೆ ಊರಿನವರಿದ್ದಾರೆ. ಅಡಿಕೆ ಮರದ ಸಂಕ ನೀರಿಗೆ ತಾಗುತ್ತಿದ್ದರೆ ಅದನ್ನು ಸಂಕ ಅನ್ನಬೇಡಿ, ತೇಲುವ ಮರ ಅನ್ನಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಮುಗಿಸಿ ಬರುತ್ತಿದ್ದ ಪುಟ್ಟ ಮಗುವೊಂದು ಕಾಲುಸಂಕದಿಂದ ಬಿದ್ದು ಹೋಯಿತು. ಹಗಲಿನಲ್ಲಿ, ದಿನಾ ಓಡಾಡುವ ದಾರಿಯಲ್ಲಿ. ರಾತ್ರಿ, ಕೈಯಲ್ಲಿ ಕತ್ತಿ ಹಿಡಿದು ದಾಟುವವನಿಗೆ ಯಾವ ಧೈರ್ಯ?

ಮೂರನೇದು, ಮೂರು ಜನಕ್ಕಿಂತ ಕಡಿಮೆ ಹೋಗಬೇಡಿ. ಅದರಲ್ಲಿ ಒಬ್ಬ ನೀರಿಗಿಳಿಯದೆ ದಡದ ಮೇಲೇ ಇರಲಿ, ಕೈಯಲ್ಲಿ ಹಗ್ಗ ಇರಲಿ. ಆ ಹಗ್ಗವನ್ನು ಮಾತ್ರ ಯಾರೂ ಸೊಂಟಕ್ಕೆ ಕಟ್ಟಿಕೊಳ್ಳಬಾರದು. ರಭಸದ ನೀರಿನಲ್ಲಿ ಕಟ್ಟಿದ ಹಗ್ಗ ಮನುಷ್ಯನನ್ನು ಮೇಲೆತ್ತುವುದಿಲ್ಲ, ನೀರಿನೊಳಗೇ ಹಿಡಿದು ಇಡುತ್ತದೆ. ಹಗ್ಗ ಎಸೆಯಲಿಕ್ಕೆ, ಕಟ್ಟಲಿಕ್ಕಲ್ಲ.

ನಾಲ್ಕನೇದು, ನೀರನ್ನು ನೋಡುತ್ತಿರಿ. ಇಳಿಯುವ ಮೊದಲು ದಡದಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ನೀರು ಗುರುತಿಗಿಂತ ಮೇಲೆ ಬಂದರೆ, ಬಣ್ಣ ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಎಲೆ ಕಡ್ಡಿ ಹೆಚ್ಚು ಬರತೊಡಗಿದರೆ, ದೂರದಲ್ಲಿ ಗುಡುಗಿನಂಥ ಸದ್ದಾದರೆ ಬುಟ್ಟಿ ಬಿಟ್ಟು ಹತ್ತಿ. ಮೀನು ಹತ್ತುವ ಹೊತ್ತಲ್ಲ ಅದು, ಮನುಷ್ಯ ಹತ್ತುವ ಹೊತ್ತು.

ಐದನೇದು, ಕತ್ತಿ ಬೀಸುವವರ ನಡುವೆ ಎರಡಾಳಿನ ಅಂತರ ಇರಲಿ. ನೀರಿನೊಳಗಿನ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಗುರಿ ತಪ್ಪಿದ ಕತ್ತಿ ಕಾಲಿಗೇ ಬರುತ್ತದೆ. ಗಂಬೂಟು ಹಾಕಿದರೆ ಅದರೊಳಗೆ ನೀರು ತುಂಬಿ ಕಾಲು ಎತ್ತಲಾಗದು. ಗಟ್ಟಿಯಾಗಿ ಕಟ್ಟುವ ಕ್ಯಾನ್ವಾಸ್ ಶೂ ವಾಸಿ.

ಆರನೇದನ್ನು ಬಿಚ್ಚಿಯೇ ಹೇಳುತ್ತೇವೆ. ಬಾಟಲಿ ಮನೆಯಲ್ಲಿರಲಿ. ‘ಚಳಿಗೆ ಒಂದ್ ಗುಟುಕು’ ಅನ್ನುವುದು ಸುಳ್ಳು ಸಮಾಧಾನ. ಹೆಂಡ ಮೈಯನ್ನು ಬೆಚ್ಚಗೆ ಮಾಡುವುದಿಲ್ಲ, ಬೆಚ್ಚಗಿದೆ ಅನ್ನಿಸುತ್ತದೆ ಅಷ್ಟೆ. ಒಳಗಿನ ಬಿಸಿ ಇನ್ನೂ ಬೇಗ ಹೋಗುತ್ತದೆ, ಧೈರ್ಯ ಮಾತ್ರ ಹೆಚ್ಚುತ್ತದೆ.

ಬಿದ್ದರೆ ಏನು ಮಾಡೋದು?

ನೀರು ಎಳೆದುಕೊಂಡರೆ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಕಾಲು ಸಿಕ್ಕಿದರೆ ಮುಗಿಯಿತು. ಅಂಗಾತ ಮಲಗಿ, ಕಾಲು ನೀರು ಹರಿಯುವ ದಿಕ್ಕಿಗೆ ಚಾಚಿ, ಓರೆಯಾಗಿ ದಡದ ಕಡೆ ಕೈ ಹಾಕಿ. ಎದುರು ಈಜಬೇಡಿ. ದಡದಲ್ಲಿರುವವರು ಹಿಂದಿನಿಂದ ಹಾರಬೇಡಿ. ಅಣ್ಣನನ್ನು ಉಳಿಸಲು ತಮ್ಮ, ತಮ್ಮನನ್ನು ಉಳಿಸಲು ಗೆಳೆಯ ಹಾರಿ, ಒಂದು ಹೆಣದ ಜಾಗದಲ್ಲಿ ಮೂರು ಹೆಣ ತೆಗೆದ ಊರುಗಳಿವೆ. ಹಗ್ಗ ಎಸೆಯಿರಿ, ಬಿದಿರು ಚಾಚಿ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಎಸೆಯಿರಿ. ಹತ್ತು ಲೀಟರಿನ ಒಂದು ಖಾಲಿ ಕ್ಯಾನು ತಬ್ಬಿಕೊಂಡರೆ ಒಬ್ಬ ಮನುಷ್ಯನ ಮುಖ ನೀರಿನ ಮೇಲಿರಲು ಸಾಕು.

ಮೇಲೆ ತಂದವನ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ 30 ಸಲ ಒತ್ತಿ ಮತ್ತೆ 2 ಸಲ ಉಸಿರು ಕೊಡಿ. 108ರ ಗಾಡಿ ಬರುವವರೆಗೂ ನಿಲ್ಲಿಸಬೇಡಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಾಲು ಅಲ್ಲಾಡಿಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದೆ. ವರದಿ ಆಗಬೇಕಾದರೆ ಮೊದಲು ನೀವು ಮಂತ್ರದವರ ಮನೆ ಬಿಟ್ಟು ಆಸ್ಪತ್ರೆ ಮೆಟ್ಟಿಲು ಹತ್ತಬೇಕು. ತಂತಿ ಹರಿದು ಬಿದ್ದದ್ದು ಕಂಡರೆ ಹತ್ತು ಮೀಟರ್ ದೂರ ಇರಿ, 1912ಕ್ಕೆ ಫೋನು ಮಾಡಿ.

ಕೊನೆಗೊಂದು ಮರೆತ ಮಾತು, ಇಲಿ ಜ್ವರ. ಇಲಿಯ ಉಚ್ಚೆ ಬೆರೆತ ಗದ್ದೆ ನೀರು ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಒಂದೆರಡು ವಾರದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು. ಆಗ ಮೀನು ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ‘ಗದ್ದೆ ನೀರಿಗಿಳಿದಿದ್ದೆ’ ಅಂತ ಒಂದು ಮಾತು ಹೇಳಿ. ಆ ಒಂದು ಮಾತಿನಿಂದ ಔಷಧ ಬೇಗ ಶುರುವಾಗುತ್ತದೆ.

ಪಂಚಾಯ್ತಿಯವರು ಕೇಳಿ

ಹುಡುಗರಿಗೆ ಬುದ್ಧಿ ಹೇಳಿ ಸುಮ್ಮನಾದರೆ ನಮ್ಮ ಕೆಲಸ ಅರ್ಧ. ಕಲ್ಲು ತೆಗೆದವರು ಹೊಂಡ ಬಿಟ್ಟು ಹೋದರು, ಹೊಂಡಕ್ಕೆ ಬೇಲಿ ಯಾರು ಹಾಕಬೇಕು? ಕೃಷಿ ಹೊಂಡಕ್ಕೆ ಸಹಾಯಧನ ಕೊಟ್ಟಿರಿ, ಅದರೊಳಗೆ ಗಂಟು ಹಾಕಿದ ಒಂದು ಹಗ್ಗವನ್ನೋ, ಕಟ್ಟಿ ಇಳಿಬಿಟ್ಟ ಹಳೇ ಟೈರನ್ನೋ ಕಡ್ಡಾಯ ಮಾಡಲು ಎಷ್ಟು ಖರ್ಚು? ಪ್ರತಿ ಮೋರಿ, ಪ್ರತಿ ಸಂಕದ ಪಕ್ಕ ಒಂದು ಕಲ್ಲು ನೆಟ್ಟು ಕೆಂಪು ಗೆರೆ ಎಳೆಯಿರಿ: ನೀರು ಇಲ್ಲಿಗೆ ಬಂದರೆ ಇಳಿಯಬೇಡ, ದಾಟಬೇಡ ಅಂತ. ಅದು ಮೀನು ಹಿಡಿಯುವವನಿಗೂ ಗುರುತು, ಶಾಲೆ ಮಕ್ಕಳಿಗೂ ಗುರುತು, ಹಾಲ್ಟಿಂಗ್ ಬಸ್ಸಿನ ಡ್ರೈವರಿಗೂ ಗುರುತು. ಲೈನ್‌ಮನ್‌ಗಳು ಮೇ ತಿಂಗಳಲ್ಲಿ ಒಂದು ಸುತ್ತು ಹೋದರೆ ಯಾವ ಬೇಲಿಗೆ ಯಾವ ಕಂಬದಿಂದ ಕರೆಂಟು ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಊರಿಗೆಲ್ಲ ಗೊತ್ತಿರುವುದು ಇಲಾಖೆಗೆ ಮಾತ್ರ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಗಾಜನೂರಿನ ಅಣೆಕಟ್ಟು ಸಣ್ಣದು, ಬೇಗ ತುಂಬುತ್ತದೆ, ಬೇಗ ಗೇಟು ತೆಗೆಯುತ್ತಾರೆ. ಹೊಳೆ ಪಕ್ಕದ ಹಳ್ಳಿಗಳಿಗೆ ಅದರ ಸುದ್ದಿ ಮೊಬೈಲಿನಲ್ಲಿ ಮಾತ್ರ ಬಂದರೆ ಸಾಲದು. ಮೊಬೈಲು ಮನೆಯ ಗೂಟದಲ್ಲಿರುತ್ತದೆ, ಮನುಷ್ಯ ನೀರಿನಲ್ಲಿರುತ್ತಾನೆ. ಹಳೇ ಡಂಗುರವೋ, ದೇವಸ್ಥಾನ ಮಸೀದಿಗಳ ಮೈಕೋ, ಯಾವುದಾದರೂ ಸರಿ, ಕಿವಿಗೆ ಬೀಳಲಿ.

ಅಂಗಡಿಯವರಿಗೂ ಒಂದು ಮಾತು

ಟಾರ್ಚು ಮಾರುವವರೇ, ನಿಮ್ಮದೂ ಒಂದು ಪಾಲಿದೆ. ಲೈಟು ಕೊಳ್ಳುವ ಹುಡುಗನಿಗೆ ಇಪ್ಪತ್ತು ಮೀಟರ್ ಹಗ್ಗವನ್ನೂ ತೋರಿಸಿ. ವ್ಯಾಪಾರಕ್ಕೆ ವ್ಯಾಪಾರವೂ ಆಯಿತು. ಕಿರಾಣಿಯವರು ಖಾಲಿ ಎಣ್ಣೆ ಕ್ಯಾನನ್ನು ಮುಚ್ಚಳದ ಸಮೇತ ಕೊಟ್ಟು ಕಳಿಸಿ. ಸೋಮವಾರ ಬೆಳಿಗ್ಗೆ ನಿಮ್ಮ ಅಂಗಡಿ ಬಾಗಿಲು ತೆಗೆಯಬೇಕಾದ ಹುಡುಗನೇ ಶನಿವಾರ ರಾತ್ರಿ ಹಳ್ಳಕ್ಕಿಳಿಯುವವನು. ಬಸ್ಸಿನವರೇ, ಕೊನೇ ಟ್ರಿಪ್ಪಿನಲ್ಲಿ ಮೇಲಿನ ಊರಿನಿಂದ ಬಂದವರು ನೀವು. ಅಲ್ಲಿ ಮಳೆ ಹೇಗಿದೆ ಅಂತ ಬಸ್‌ಸ್ಟಾಂಡಿನಲ್ಲಿ ಒಂದು ಮಾತು ಹೇಳಿ. ನಿಮ್ಮ ಮಾತು ಯಾವ ಅಲರ್ಟಿಗಿಂತಲೂ ಬೇಗ ಹಬ್ಬುತ್ತದೆ.

ಇನ್ನು ಮೀನಿನ ಪರವಾಗಿಯೂ ಒಂದು ಮಾತು. ಈಗ ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ. ಅದನ್ನು ಬುಟ್ಟಿಗಟ್ಟಲೆ ಕಡಿದರೆ ಬರುವ ವರ್ಷ ಹತ್ತುವುದಕ್ಕೆ ಏನು ಉಳಿಯುತ್ತದೆ? ಮಳೆ ಇಳಿದ ಮೇಲೆ ಗದ್ದೆಯಿಂದ ಹಳ್ಳಕ್ಕೆ ವಾಪಸು ಇಳಿಯುವ ಮೀನಿಗೆ ಗದ್ದೆಯ ಅಂಚಿನಲ್ಲಿ ಕೂಳಿ ಒಡ್ಡುವುದು ಹಿರಿಯರ ಇನ್ನೊಂದು ಪದ್ಧತಿ. ಆಗ ನೀರು ತಗ್ಗಿರುತ್ತದೆ, ಮೀನು ಮೊಟ್ಟೆಯಿಟ್ಟು ಮುಗಿಸಿರುತ್ತದೆ, ಮನುಷ್ಯ ಬದುವಿನ ಮೇಲೆ ಒಣಗಿದ ಜಾಗದಲ್ಲಿ ನಿಂತಿರುತ್ತಾನೆ. ಅಜ್ಜನ ಅಭ್ಯಾಸವೇ ಬೇಕು ಅನ್ನುವವರು ಇದನ್ನೂ ಅಜ್ಜನಿಂದಲೇ ಕಲಿಯಲಿ.

ಆರಿದ್ರ ಮಳೆ ಬಂದರೂ ಮೀನು ಹತ್ತುತ್ತದೆ, ಪುನರ್ವಸುವಿಗೂ ಹತ್ತುತ್ತದೆ. ಇವತ್ತು ರಾತ್ರಿ ಹಳ್ಳ ಕೆಂಪಾಗಿದ್ದರೆ ಮನೆಯಲ್ಲಿ ಹುರುಳಿ ಸಾರು ಉಂಡು ಮಲಗಿ. ಪಂಚಾಯ್ತಿ, ಇಲಾಖೆಯವರಿಗೆ ನಮ್ಮ ಕೋರಿಕೆ ಒಂದೇ: ಮುಂದಿನ ಮೃಗಶಿರದೊಳಗೆ ಗೆರೆ ಎಳೆಯಿರಿ, ಬೇಲಿ ನೋಡಿ, ಹೊಂಡ ಮುಚ್ಚಿ. ‘ಕಾಲು ಜಾರಿ’ ಅನ್ನೋ ಎರಡು ಪದವನ್ನು ನಾವು ಅಚ್ಚು ಹಾಕದೆ ಒಂದು ಮಳೆಗಾಲ ಕಳೆಯಲಿ.